ಕಾಲು ಮುಂದಾಗಿ ಹುಟ್ಟಿದವರು

ಅಡಿಕೆ ದಬ್ಬೆ ಇರುವುದು ಬೇಲಿಗೆ, ಕೊಟ್ಟಿಗೆಯ ಅಟ್ಟಕ್ಕೆ, ಮದುವೆಯ ಚಪ್ಪರಕ್ಕೆ. ಕಾಲಿಗೆ ಕಟ್ಟಿಕೊಂಡು ಗುಡ್ಡದ ಮೇಲಿಂದ ಜಾರುವುದಕ್ಕಲ್ಲ. ಇಷ್ಟು ಸಣ್ಣ ವಿಷಯ ನಮ್ಮ ಕಡೆ ಆಗಷ್ಟೇ ನಡೆಯಲು ಕಲಿತ ಮಗುವಿಗೂ ಗೊತ್ತು. ನನ್ನ ತಮ್ಮನಿಗೆ ಗೊತ್ತಿರಲಿಲ್ಲ, ಏಕೆಂದರೆ ಅವನು ಮಿಲಿಟರಿ ಸೇರಿದ್ದ. ನಮ್ಮ ಮನೆಯವರಿಗೂ ಗೊತ್ತಿರಲಿಲ್ಲ, ಏಕೆಂದರೆ ಅವರು ಬಸ್ಸಿನ ಡ್ರೈವರು. ಡ್ರೈವರಾದವನಿಗೆ ಚಕ್ರವಿಲ್ಲದ್ದನ್ನೂ ತಾನು ಓಡಿಸಬಲ್ಲೆ ಎಂಬ ಭ್ರಮೆ ಇರುತ್ತದೆ.

ಚೀನಾದವರ ಜತೆ ಯುದ್ಧ ಮುಗಿದು ವರ್ಷ ಕಳೆದಿತ್ತು. ನಾವು ಸಾಗರದಲ್ಲಿ ಬಾಡಿಗೆ ಮನೆಯೊಂದರಲ್ಲಿದ್ದೆವು: ನಾನು, ಇವರು, ನನ್ನ ಅತ್ತೆ. ಇವರು ಓಡಿಸುತ್ತಿದ್ದುದು ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಬಸ್ಸು. ಬೆಳಿಗ್ಗೆ ಹೋದರೆ ಸಂಜೆಗೆ ವಾಪಸು. ಮೂತಿ ಮುಂದಕ್ಕೆ ಚಾಚಿದ ಹಳೆಯ ಬಸ್ಸು ಅದು. ಅದರ ಕ್ಲಚ್ಚು ಒತ್ತುವುದೆಂದರೆ ಎಡಗಾಲಲ್ಲಿ ಒರಳುಕಲ್ಲು ತಳ್ಳಿದ ಹಾಗೆ ಎಂದು ಇವರು ಬಂದವರಿಗೆಲ್ಲ ಹೇಳುತ್ತಿದ್ದರು. ಹೇಳುವಾಗ ಕುಸ್ತಿಯವರ ಹಾಗೆ ಎಡತೊಡೆ ತಟ್ಟಿಕೊಳ್ಳುತ್ತಿದ್ದರು. ನಾನು ಮೂಲೆಯಲ್ಲಿ ಹೊಲಿಗೆ ಮಿಷನ್ನು ತುಳಿಯುತ್ತ ಕುಪ್ಪಸ ಹೊಲಿಯುತ್ತಿದ್ದೆ. ನಾನು ಎರಡೂ ಕಾಲು ಬಳಸುತ್ತಿದ್ದೆ, ಯಾವುದನ್ನೂ ತಟ್ಟಿಕೊಂಡವಳಲ್ಲ.

ಸಂಕ್ರಾಂತಿ ಕಳೆದ ಮೇಲೆ ತಮ್ಮ ರಜೆಯ ಮೇಲೆ ಬಂದಿದ್ದಾನೆಂದು ಹುಲಿಕಲ್ ಹತ್ತಿರದ ನನ್ನ ತವರಿಗೆ ಹೋದೆವು. ಅವನು ಊಟದ ಎಲೆಯ ಮುಂದೆ ಕೂತರೆ ಹಿಮ, ಕೈ ತೊಳೆದರೆ ಹಿಮ, ಎಲೆ ಅಡಿಕೆ ಹಾಕಿದರೆ ಹಿಮ. ಎಲೆಗೆ ಸುಣ್ಣ ಹಚ್ಚುವಾಗಲೂ, "ಹೀಗೇ ಬೆಳ್ಳಗಿರುತ್ತೆ ಅಕ್ಕ" ಎನ್ನುತ್ತಿದ್ದ. ಸುಣ್ಣ ಬೆಳ್ಳಗಿರುತ್ತದೆಂದು ತಿಳಿಯಲು ಅಷ್ಟು ದೂರ ಹೋಗಬೇಕಿತ್ತೇ ಎಂದು ನಾನು ಕೇಳಲಿಲ್ಲ. ರಜೆಯಲ್ಲಿ ಬಂದವನು.

"ಭಾವ, ಅಲ್ಲಿ ಸಾಹೇಬ್ರುಗಳು ಕಾಲಿಗೆ ಹಲಗೆ ಕಟ್ಕಂಡು ಜಾರ್ತಾರೆ ನೋಡಿ, ಗುಡ್ಡದ ತುದಿಯಿಂದ ಬುಡಕ್ಕೆ ಕಣ್ಣು ಮುಚ್ಚಿ ಬಿಡೋದ್ರೊಳಗೆ. ನಿಮ್ಮ ಬಸ್ಸು ಯಾವ ಲೆಕ್ಕ!"

"ಹಿಮದಲ್ಲಿ ಯಾರು ಬೇಕಾದ್ರೂ ಜಾರ್ತಾರೆ ಮಾರಾಯ. ಮಳೆಗಾಲದಲ್ಲಿ ಅಂಗಳದ ಪಾಚೀಲಿ ನಿನ್ನ ಅಕ್ಕನೇ ಜಾರ್ತಾಳೆ."

"ಅದು ಬೀಳೋದು. ಇದು ಜಾರೋದು. ಬ್ಯಾಲೆನ್ಸ್ ಬೇಕು ಭಾವ. ಸೀಟಲ್ಲಿ ಕೂತು ಕೂತು ಮೈ ಹೋಗಿದೆ, ನಿಮ್ಮ ಕೈಲಾಗಲ್ಲ ಬಿಡಿ."

'ಕೈಲಾಗಲ್ಲ' ಎಂಬ ಮಾತು ನಮ್ಮ ಮನೆಯವರ ಕಿವಿಗೆ ಬಿದ್ದರೆ ಆಯಿತು, ಉಳಿದದ್ದನ್ನು ದೇವರೂ ತಡೆಯಲಾರ. ಮರುದಿನ ಬೆಳಿಗ್ಗೆ ಇಬ್ಬರೂ ಬೇಲಿಯಿಂದ ಎರಡು ದಬ್ಬೆ ಕಿತ್ತರು. ಅಡಿಕೆ ಮರ ಸೀಳಿದ ಪಟ್ಟಿಗೆ ಹೊರಮೈ ನಯ, ಒಳಗೆ ನಾರು. ನಾರು ಕೆತ್ತಿ, ಮುಂದಿನ ತುದಿಯನ್ನು ಕೆಂಡಕ್ಕೆ ಹಿಡಿದು ಬಗ್ಗಿಸಿ, ಅಡಿಕೆ ಹಾಳೆಯನ್ನು ಪಟ್ಟಿ ಮಾಡಿ ಪಾದಕ್ಕೆ ಬಿಗಿದರು. ತುಂಡಾದ ಬೇಲಿಯಲ್ಲಿ ದನ ನುಗ್ಗಿ ಬಸಳೆ ಮೇಯುತ್ತಿದ್ದುದನ್ನು ನೋಡಲು ಇಬ್ಬರಿಗೂ ಪುರುಸೊತ್ತಿರಲಿಲ್ಲ.

ಮನೆಯ ಹಿಂದೆ ಬೋಳುಗುಡ್ಡ. ಆ ತಿಂಗಳಲ್ಲಿ ಅದರ ಮೈತುಂಬ ಒಣಗಿದ ಹುಲ್ಲು, ನಮ್ಮಲ್ಲಿ ಕರಡ ಎನ್ನುತ್ತಾರೆ. ಅದು ಎಷ್ಟು ಜಾರುತ್ತದೆಂದರೆ ಹುಲ್ಲಿನ ಹೊರೆ ಹೊತ್ತ ಹೆಂಗಸರು ಅಲ್ಲಿ ಚಪ್ಪಲಿ ಕಳಚಿ, ಹೊರೆಯನ್ನು ಮುಂದೆ ಉರುಳಿಸಿ, ತಾವು ಕೂತು ಇಳಿಯುತ್ತಾರೆ. ಅಲ್ಲಿ ನಿಂತು ಇಳಿಯುವ ಹೆಂಗಸನ್ನು ನಾನು ಕಂಡಿಲ್ಲ. ಹೆಂಗಸರಿಗೆ ಮನೆಗೆ ಬಂದು ಒಲೆ ಹಚ್ಚುವುದಿರುತ್ತದೆ.

"ಮೊದ್ಲು ನೀನು ತೋರ್ಸು" ಎಂದರು ಇವರು.

"ನೀವು ದೊಡ್ಡೋರು, ನೀವು ಮೊದ್ಲು" ಎಂದ ತಮ್ಮ. ಜೀವಮಾನದಲ್ಲಿ ಭಾವನಿಗೆ ಅವನು ತೋರಿಸಿದ ಮರ್ಯಾದೆ ಅದೊಂದೇ.

ಇವರು ಹೊರಟರು. ಹತ್ತು ಮಾರು ಚೆನ್ನಾಗಿಯೇ ಹೋದರು, ಸುಳ್ಳು ಹೇಳುವುದಿಲ್ಲ. ಆಮೇಲೆ ಬಲಗಾಲಿನ ದಬ್ಬೆ ಒಂದು ಹುತ್ತಕ್ಕೆ ಸಿಕ್ಕಿ ನಿಂತಿತು. ಎಡಗಾಲಿನದು ನಿಲ್ಲಲಿಲ್ಲ. ಬಲಗಾಲು ಹೊಸನಗರದಲ್ಲಿ ಉಳಿಯಿತು, ಎಡಗಾಲು ಘಟ್ಟ ಇಳಿದು ಉಡುಪಿಗೆ ಹೊರಟಿತು. ಗುಡ್ಡದ ಬುಡದಲ್ಲಿ ನಿಂತಿದ್ದ ನನಗೆ 'ಟಪ್' ಎಂಬ ಸದ್ದು ಕೇಳಿಸಿತೆಂದರೆ ಯಾರೂ ನಂಬುವುದಿಲ್ಲ. ಮಿಷನ್ನಿನ ಚರ್ಮದ ಪಟ್ಟಿ ಹರಿದಾಗ ಬರುವ ಸದ್ದು ಅದು. ಆ ಸದ್ದು ನನಗೆ ಚೆನ್ನಾಗಿ ಗೊತ್ತು.

ಇವರು ಎಡತೊಡೆಯ ಹಿಂಭಾಗ ಹಿಡಿದುಕೊಂಡು ಮಲಗಿದ್ದರು. ತಟ್ಟಿಕೊಳ್ಳುತ್ತಿದ್ದ ಅದೇ ತೊಡೆ. ತಮ್ಮ ಓಡಿ ಬಂದು ಮುಖ ಸಣ್ಣ ಮಾಡಿಕೊಂಡು ನಿಂತ.

"ಈಗ ಏನು ಮಾಡ್ಬೇಕೋ? ನಿನ್ನ ಸಾಹೇಬ್ರು ಏನು ಮಾಡ್ತಾರೆ?" ಎಂದೆ.

"ಗೊತ್ತಿಲ್ಲ ಅಕ್ಕ. ನಾನು ಜಾರಿದ್ದಿಲ್ಲ. ನೋಡಿದ್ದಷ್ಟೇ."

"ಎಲ್ಲಿಂದ ನೋಡಿದ್ದು?"

"ಅಡಿಗೆಮನೆ ಕಿಟಕಿಯಿಂದ."

ಅವನು ದೇಶ ಕಾಯುತ್ತಿದ್ದುದು ಆಲೂಗಡ್ಡೆ ಸುಲಿಯುತ್ತ ಎಂದು ನಮಗೆ ತಿಳಿದದ್ದು ಹಾಗೆ. ಎರಡನೆಯ ದಿನಕ್ಕೆ ರಜೆ ಮುಗಿಯಿತೆಂದು ಹೊರಟುಹೋದ. ರಜೆ ಇನ್ನೂ ಇತ್ತೆಂದು ನನ್ನ ಅಮ್ಮ ಆಮೇಲೆ ಹೇಳಿದಳು.

ಇವರನ್ನು ಮರದ ನಾಟಾ ಒಯ್ಯುವ ಲಾರಿಯಲ್ಲಿ ಹೊಸನಗರಕ್ಕೂ ಅಲ್ಲಿಂದ ಇವರದೇ ಬಸ್ಸಿನ ಹಿಂದಿನ ಉದ್ದ ಸೀಟಿನಲ್ಲಿ ಸಾಗರಕ್ಕೂ ತಂದೆವು. ಮನೆ ಮುಟ್ಟುವುದರೊಳಗೆ ತೊಡೆ ಕಪ್ಪಾಗಿತ್ತು. ನಾಲ್ಕು ದಿನದಲ್ಲಿ ಆ ಕಪ್ಪು ಮೊಣಕಾಲಿನ ಕೆಳಗೆ ಇಳಿದು, ಹಸಿರಾಗಿ, ಹಳದಿಯಾಗಿ, ಹಳೆಯ ಬಾಳೆಲೆಯ ಬಣ್ಣಕ್ಕೆ ಬಂತು.

ಮನೆಗೆ ಬಂದವರೆಲ್ಲ ಒಂದೇ ಮಾತು ಹೇಳಿದರು: "ಉಳುಕು." ನಮ್ಮೂರಿನಲ್ಲಿ ಸೊಂಟ ಹಿಡಿದರೆ ಉಳುಕು, ಕತ್ತು ತಿರುಗದಿದ್ದರೆ ಉಳುಕು, ಕಾಲು ಸಿಕ್ಕಿ ಬಿದ್ದರೆ ಉಳುಕು. ಮನುಷ್ಯನ ಮೈಯೊಳಗೆ ಎಲುಬಿದೆ, ನರವಿದೆ, ಮಾಂಸವಿದೆ ಎಂಬುದು ಯಾರಿಗೂ ಬೇಕಾಗಿರಲಿಲ್ಲ. ಆ ಒಂದು ಪದದಲ್ಲಿ ಎಲ್ಲವನ್ನೂ ತುರುಕಿ ಬಾಯಿ ಕಟ್ಟಿಬಿಡುತ್ತಿದ್ದರು. ನಾನು ಯಾರಿಗೆ ಕುಪ್ಪಸ ಹೊಲಿದುಕೊಡುತ್ತಿದ್ದೆನೋ ಆ ತೋಟದ ಮನೆಯ ಅಮ್ಮ ಕಿಟಕಿಯಿಂದಲೇ ಕೇಳಿದರು: "ಎಂತ ಆತೇ ಮಾರಾಯ್ತಿ, ಕಾಲು ಉಳುಕಿದ್ದಡ?" ನಾನು "ಹರಿದಿದೆ ಅಂತ ಕಾಣುತ್ತೆ" ಎಂದರೆ, "ಹರಿಯಲೆ ಅದೇನು ಸೀರೆಯನೇ?" ಎಂದು ನಕ್ಕು ಕುಪ್ಪಸ ತೆಗೆದುಕೊಂಡು ಹೋದರು.

ಉಳುಕು ಎಂದಾದ ಮೇಲೆ ಅದನ್ನು ತೆಗೆಯುವವರು ಬೇಕಲ್ಲ. ಹುಟ್ಟುವಾಗ ತಲೆಯ ಬದಲು ಕಾಲು ಮುಂದಾಗಿ ಬಂದವರು ಉಳುಕಿದ ಕಡೆಗೆ ಪಾದ ತಾಗಿಸಿ ಮೆಟ್ಟಿದರೆ ಉಳುಕು ಬಿಡುತ್ತದೆ ಎಂಬುದು ನಮ್ಮವರ ನಂಬಿಕೆ. ಮೂರು ಭಾನುವಾರ ಮೆಟ್ಟಬೇಕು. ಸಾಗರದಲ್ಲಿ ಹಾಗೆ ಹುಟ್ಟಿದವರೆಂದು ಹೆಸರಾದವರು ಬಸ್ಸಿನ ಏಜೆಂಟರು. ನಮ್ಮ ಮನೆಯವರ ಬಸ್ಸಿನ ಏಜೆಂಟರೇ. ಯಾರು ಯಾವ ಬಸ್ಸು ಓಡಿಸಬೇಕು, ಯಾರು ಮನೆಯಲ್ಲಿ ಕೂರಬೇಕು ಎಂಬುದೆಲ್ಲ ಅವರ ಬಾಯಲ್ಲಿ. ತಾವು ಮಾಡಿದ ಕೆಲಸಕ್ಕೆ ಹೆಮ್ಮೆ ಪಡುವ ಮನುಷ್ಯರನ್ನು ನೋಡಿದ್ದೇನೆ. ಹೊಟ್ಟೆಯೊಳಗೆ ತಿರುಗಿಕೊಳ್ಳಲು ಮರೆತದ್ದಕ್ಕೆ ಹೆಮ್ಮೆ ಪಟ್ಟವರನ್ನು ಅವರೊಬ್ಬರನ್ನೇ ಕಂಡೆ.

ಭಾನುವಾರ ಬಂದರು. ಬಾಗಿಲಲ್ಲೇ ಎಡಚಪ್ಪಲಿ ಬಿಟ್ಟು, ಬಲಚಪ್ಪಲಿಯನ್ನು ಹಾಗೇ ಇಟ್ಟುಕೊಂಡು ಒಳಗೆ ನಡೆದರು. ಮೆಟ್ಟುವುದು ಎಡಗಾಲಿನಲ್ಲಂತೆ, ಮೊದಲು ಲೋಕಕ್ಕೆ ಬಂದದ್ದು ಅದಂತೆ.

"ಡ್ರೈವರೇ, ಮುಖ ಕೆಳಗೆ ಹಾಕಿ ಮಲಗಿ. ಅಮ್ಮಾ, ಎಳ್ಳೆಣ್ಣೆ ಬಿಸಿ ಮಾಡಿ."

"ಏಜೆಂಟ್ರೇ, ತುಂಬ ಊದಿದೆ. ಸ್ವಲ್ಪ ದಿನ ಹೋಗ್ಲಿ" ಎಂದೆ ನಾನು.

"ಊದಿರೋದು ಉಳುಕಿನ ಗಾಳಿ ತಂಗಿ. ಅದು ಹೊರಗೆ ಬರೋಕೆ ದಾರಿ ಕೇಳ್ತಾ ಇದೆ."

ನಾನು ಇವರ ಮುಖ ನೋಡಿದೆ. ಬೇಡವೆನ್ನಲಿ ಎಂದು. ಇವರು ಬೇಡವೆನ್ನಲಿಲ್ಲ. ಸೀಟು ಯಾರ ಕೈಯಲ್ಲಿದೆಯೋ ಅವರ ಕಾಲಿಗೆ ಬೇಡವೆನ್ನುವುದು ಹೇಗೆ? ಅತ್ತೆ ಎಣ್ಣೆ ಕಾಯಿಸಿ ತಂದರು. ಅವರು ಏಜೆಂಟರ ಕಾಲನ್ನು ಪೂರ್ತಿ ನಂಬಿದ್ದವರು. ಏಜೆಂಟರು ಎಣ್ಣೆ ಸುರಿದು, ಹೆಬ್ಬೆರಳಿನಿಂದ ಮೇಲಿಂದ ಕೆಳಗೆ ಒತ್ತಿ ತಿಕ್ಕಿ, ಆಮೇಲೆ ಗೋಡೆ ಹಿಡಿದು ತೊಡೆಯ ಮೇಲೆ ಕಾಲಿಟ್ಟು ಪೂರ್ತಿ ಭಾರ ಬಿಟ್ಟರು. ಇವರು ಕೂಗಿದ್ದು ಎದುರು ಸಾಲಿನ ಮನೆಗಳಿಗೆಲ್ಲ ಕೇಳಿಸಿತು.

"ಹಾಂ! ಬಿಡ್ತು ನೋಡಿ" ಎಂದರು ಏಜೆಂಟರು. ಕಾಫಿ ಕುಡಿದರು. ಹೋಗುವಾಗ ಮೆಟ್ಟಿಲ ಮೇಲೆ ನಿಂತು, "ಕಾಲು ಸರಿಯಾಗೋವರೆಗೆ ನನ್ನ ಭಾವಮೈದ ಬಸ್ಸು ನೋಡ್ಕೊಳ್ತಾನೆ. ಯುಗಾದಿ ಆದ್ಮೇಲೆ ಮದುವೆ ಕಾಲ, ಆಗ ಖಾಯಂ ಡ್ರೈವರು ಬೇಕು. ಅಷ್ಟರಲ್ಲಿ ನಿಮ್ಮೋರು ಎದ್ರೆ ಸರಿ, ಇಲ್ದಿದ್ರೆ ಅವನೇ ಖಾಯಂ" ಎಂದರು. ದಯೆಯಿಂದ ಹೇಳಿದ ಹಾಗಿತ್ತು. ಭಾವಮೈದ ಎಂಬವನು ಅಲ್ಲಿಯವರೆಗೆ ಓಡಿಸಿದ್ದು ಅಕ್ಕಿ ಗಿರಣಿಯ ಲಾರಿ ಮಾತ್ರ.

ಸಂಜೆಗೆ ತೊಡೆ ಕುಂಬಳಕಾಯಿಯಾಯಿತು. ಕಾಲು ನೆಲಕ್ಕೆ ತಾಗಿಸಲಾರರು. ಅತ್ತೆ ಎಣ್ಣೆಯ ಬಟ್ಟಲನ್ನು ತೊಳೆದು, ಒರೆಸಿ, ಮತ್ತೆ ತೊಳೆದರು.

ಡಾಕ್ಟರಿಗೆ ತೋರಿಸಬೇಕು, ಆದರೆ ಏಜೆಂಟರಿಗೆ ಗೊತ್ತಾಗಬಾರದು. ಅವರ ಕಾಲಿನ ಮೇಲೆ ನಂಬಿಕೆ ಇಲ್ಲದವರನ್ನು ಅವರು ಸೀಟಿನ ಮೇಲೆ ಕೂರಿಸುವವರಲ್ಲ. ತೀರ್ಥಹಳ್ಳಿಯ ರಾಮತೀರ್ಥದಲ್ಲಿ ಮುಳುಗಿ ಬರುವ ಹರಕೆ ಇದೆ ಎಂದು ಹೇಳಿದೆವು. "ಹರಕೆ ಅಂದ್ರೆ ಹೋಗ್ಬೇಕು" ಎಂದು ಏಜೆಂಟರೇ ಹಿಂದಿನ ಸೀಟು ಕೊಡಿಸಿದರು.

ಆ ಪ್ರಯಾಣ ನಾನು ಮರೆಯುವಂತಿಲ್ಲ. ಭಾವಮೈದ ಗೇರು ಹಾಕಿದಾಗಲೆಲ್ಲ ಬಸ್ಸಿನ ಹೊಟ್ಟೆಯಿಂದ ಕಿರ್ ಎಂದು ಸದ್ದು ಬರುತ್ತಿತ್ತು, ಮತ್ತು ಇವರು ನರಳುತ್ತಿದ್ದರು. ಕಾಲು ನೋವಿಗೆ ಎಂದು ನಾನು ತಲೆ ಸವರಿದೆ.

"ಕಾಲಲ್ಲ ಮಾರಾಯ್ತಿ. ಅರ್ಧ ಕ್ಲಚ್ಚಲ್ಲಿ ಗೇರು ಎಳೀತಾನೆ ಪಾಪಿ. ಹಲ್ಲು ಕಿತ್ತ ಹಾಗಾಗ್ತದೆ ನಂಗೆ."

ಅರಳಸುರಳಿಗೆ ಹೋಗುವ ಮುದುಕರೊಬ್ಬರು ಪಕ್ಕದಲ್ಲಿ ಕೂತಿದ್ದರು. "ನಿಮ್ಮ ಕಾಲು ಬೇಗ ಸರಿಯಾಗ್ಲಿ ಡ್ರೈವರೇ. ಇವನ ಕೈಲಿ ನಾವೆಲ್ಲ ಕಾಲು ಕಳ್ಕೊಳ್ತೀವಿ" ಎಂದರು. ಆ ಇಡೀ ತಿಂಗಳಲ್ಲಿ ನಾನು ಕೇಳಿದ ಬುದ್ಧಿವಂತಿಕೆಯ ಮಾತು ಅದೊಂದೇ.

ತೀರ್ಥಹಳ್ಳಿಯ ಡಾಕ್ಟರು ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ರೋಗಿಗಳನ್ನು ನೋಡುತ್ತಿದ್ದರು. ಕಾಯಿಲೆಯವರು ಮಾತಾಡುವುದು ಅವರಿಗೆ ಸೇರುತ್ತಿರಲಿಲ್ಲ. ತೊಡೆಯನ್ನು ಎರಡು ಬೆರಳಿನಿಂದ ಮುಟ್ಟಿ, ಮುಖ ಹುಳಿ ಮಾಡಿ, "ಮಸಲ್ ಟೇರ್. ಮಾಂಸಖಂಡ ಹರಿದಿದೆ. ಯಾರು ತಿಕ್ಕಿದ್ದು ಇದನ್ನ?" ಎಂದರು.

"ಉಳುಕು ಅಂತ ಹೇಳಿದ್ರು..."

"ಉಳುಕಂತೆ! ತಿಕ್ಕಬೇಡಿ, ಎಳೀಬೇಡಿ, ಮೆಟ್ಟಬೇಡಿ. ತಣ್ಣೀರು ಬಟ್ಟೆ ಹಾಕಿ. ಕೆಲವು ದಿನ ಸುಮ್ನೆ ಬಿಡಿ. ಆಮೇಲೆ ಮೆಲ್ಲಗೆ ಅಭ್ಯಾಸ ಮಾಡಿಸಿ."

"ಎಂಥ ಅಭ್ಯಾಸ ಡಾಕ್ಟ್ರೇ? ಇವರು ಬಸ್ಸಿನ ಕ್ಲಚ್ಚು ಒತ್ತಬೇಕು."

"ಅಭ್ಯಾಸ ಅಂದ್ರೆ ಅಭ್ಯಾಸ" ಎಂದು ಅವರು ಬಾಗಿಲ ಕಡೆ ನೋಡಿ ಮುಂದಿನವರನ್ನು ಕರೆದರು. ಅವರು ಹೇಳಿದ್ದರಲ್ಲಿ ತಪ್ಪೊಂದೂ ಇರಲಿಲ್ಲ. ಒಂದು ಮಾತು ಹೆಚ್ಚು ಆಡಿದ್ದರೆ ಅವರ ಗಂಟೇನು ಹೋಗುತ್ತಿತ್ತೋ ಕಾಣೆ.

ಎರಡನೆಯ ಭಾನುವಾರ ಏಜೆಂಟರು ಎಡಚಪ್ಪಲಿ ಬಿಟ್ಟು ಮತ್ತೆ ಒಳಗೆ ಬಂದರು. ಭಾವಮೈದನ ಬಾಯಿಂದ ಅವರಿಗೆ ಡಾಕ್ಟರ ವಿಷಯ ತಲುಪಿತ್ತು. ಆದರೆ ಅವರು ಸಿಟ್ಟಾಗಿರಲಿಲ್ಲ. ನಗುತ್ತಿದ್ದರು.

"ಮಸಲ್ ಟೇರ್ ಅಂದ್ರಂತೆ. ಅದೇ ಉಳುಕು ತಂಗಿ! ಇಂಗ್ಲಿಷಲ್ಲಿ ಉಳುಕಿಗೆ ಮಸಲ್ ಟೇರ್ ಅಂತಾರೆ. ನಾನು ಕನ್ನಡದಲ್ಲಿ ಹೇಳಿದ್ದನ್ನೇ ಅವರು ಇಂಗ್ಲಿಷಲ್ಲಿ ಹೇಳಿದ್ರು. ಎಲ್ಲಿ, ಎಣ್ಣೆ ತನ್ನಿ."

ನಾನು ಬಾಗಿಲಿಗೆ ಅಡ್ಡ ನಿಂತೆ. ಮೆಟ್ಟಿಸಿದರೆ ಕಾಲು ಹೋಯಿತು, ಮೆಟ್ಟಿಸದಿದ್ದರೆ ಸೀಟು ಹೋಯಿತು. ಹಾಸಿಗೆಯ ಮೇಲೆ ಇವರು ಆಗಲೇ ಮುಖ ಕೆಳಗೆ ಹಾಕಲು ಹೊರಟಿದ್ದರು. ಅಂಥ ಧೈರ್ಯವಂತರು.

ಒಳಗಿನಿಂದ ಅತ್ತೆ ಬಂದರು. ಕೈಯಲ್ಲಿ ಎಣ್ಣೆ ಇರಲಿಲ್ಲ.

"ಏಜೆಂಟ್ರೇ, ಒಂದು ಮಾತು ಹೋದ್ಸಲವೇ ಹೇಳ್ಬೇಕಿತ್ತು. ಮರ್ತುಹೋಯ್ತು, ಮುದುಕಿ. ನನ್ನ ಮಗನೂ ಕಾಲು ಮುಂದಾಗೇ ಹುಟ್ಟಿದ್ದು."

ಏಜೆಂಟರು ನಿಂತಲ್ಲೇ ನಿಂತರು. "ಹೌದಾ?"

"ಹೌದು. ಕಾಲು ಮುಂದಾಗಿ ಹುಟ್ಟಿದೋರನ್ನ ಕಾಲು ಮುಂದಾಗಿ ಹುಟ್ಟಿದೋರು ಮೆಟ್ಟಿದ್ರೆ ಉಳುಕು ತಿರುಗಿ ಮೆಟ್ಟಿದೋರಿಗೇ ಬೀಳ್ತದೆ ಅಂತ ನಮ್ಮಜ್ಜಿ ಹೇಳೋಳು. ನಿಮ್ಗೆ ಸೊಂಟ ಗಿಂಟ ಏನಾದ್ರೂ ಹಿಡ್ಕಂಡಿದ್ಯಾ?"

"ಇಲ್ಲ... ನಿನ್ನೆ ಸ್ವಲ್ಪ..." ಎಂದು ಏಜೆಂಟರು ಸೊಂಟ ಮುಟ್ಟಿ ನೋಡಿಕೊಂಡರು. ಹೊರಗೆ ಹೋಗಿ ಎಡಚಪ್ಪಲಿ ಹಾಕಿಕೊಂಡರು. "ಹಾಗಾದ್ರೆ ಅದು ತಂತಾನೇ ಹೋಗ್ತದೆ ಬಿಡಿ. ಯುಗಾದಿ ಮಾತ್ರ ನೆನಪಿರ್ಲಿ."

ಅವರು ತಿರುವು ದಾಟಿದ ಮೇಲೆ ನಾನು ಕೇಳಿದೆ: "ಅತ್ತೆ, ಇವರು ನಿಜವಾಗ್ಲೂ ಹಾಗೆ ಹುಟ್ಟಿದ್ದಾ?"

"ಹೆತ್ತೋಳು ನಾನು. ತಲೆಯೋ ಕಾಲೋ, ಯಾವನು ನೋಡಿದಾನೆ?" ಎಂದು ಅವರು ಅಕ್ಕಿ ಆರಿಸಲು ಕೂತರು. ಆ ಮನೆಯಲ್ಲಿ ನಾನು ಯಾರನ್ನಾದರೂ ಮೆಚ್ಚಿದ್ದರೆ ಆ ಹೊತ್ತು ಅವರನ್ನು.

ಇಷ್ಟಾದ ಮೇಲೆ ನಮ್ಮ ಮನೆಯವರು ಡಾಕ್ಟರು ಹೇಳಿದ್ದರಲ್ಲಿ ತಮಗೆ ಬೇಕಾದ ಅರ್ಧವನ್ನು ಮಾತ್ರ ಇಟ್ಟುಕೊಂಡರು. 'ಸುಮ್ನೆ ಬಿಡಿ' ಎಂದಿದ್ದಾರೆ ಎಂದು ಅನಂತಶಯನನಂತೆ ಮಲಗಿದರು. ತೊಡೆಯ ಬಣ್ಣ ತಿಳಿಯಾಯಿತು, ಊತ ಇಳಿಯಿತು. ಅವರು ಏಳಲಿಲ್ಲ. ನೋಡಲು ಬಂದವರು ಬನ್ನು, ಕಿತ್ತಳೆ ತಂದು, ಮಂಚದ ಅಂಚಿಗೆ ಕೂತು, ತಮ್ಮ ಪೈಕಿ ಯಾರ ಯಾರ ಕಾಲು ಹೇಗೆ ಹೇಗೆ ಹೋಯಿತೆಂದು ವರ್ಣಿಸಿ, ಕಿತ್ತಳೆಯನ್ನು ತಾವೇ ಸುಲಿದು ತಿಂದು ಹೋಗುತ್ತಿದ್ದರು. ಇವರು ಸಂತೋಷದಿಂದ ಕೇಳುತ್ತಿದ್ದರು. ಕೊನೆಕೊನೆಗೆ ಹುತ್ತದ ಕತೆಯಲ್ಲಿ ಹಾವೂ ಸೇರಿತು.

ಒಂದು ದಿನ ಇವರ ಖಾಕಿ ಪ್ಯಾಂಟನ್ನು ಸ್ವಲ್ಪ ಬಿಡಿಸಬೇಕಾಗಿ ಬಂತು, ಮಲಗಿ ಸೊಂಟ ದಪ್ಪವಾಗಿತ್ತು. ಅಳತೆಯ ಟೇಪು ಹಿಡಿದು ಸೊಂಟ ನೋಡಿದವಳು ಯಾಕೋ ತೊಡೆಯನ್ನೂ ಅಳೆದೆ. ಬಲತೊಡೆ ಎಂದಿನಂತೆ. ಎಡತೊಡೆ ಎರಡು ಬೆರಳು ಸಣ್ಣ. ಮತ್ತೆ ಅಳೆದೆ. ಟೇಪು ಸುಳ್ಳು ಹೇಳುವುದಿಲ್ಲ. ತಟ್ಟಿಕೊಳ್ಳುತ್ತಿದ್ದ ತೊಡೆ ಒಳಗೊಳಗೇ ಕರಗುತ್ತಿತ್ತು.

"ನೋಡಿ ಇಲ್ಲಿ. ಹೀಗೇ ಮಲಗಿದ್ರೆ ಯುಗಾದಿಗೆ ಇದು ನನ್ನ ತೋಳಿನಷ್ಟಾಗ್ತದೆ. ಬಸ್ಸಲ್ಲ, ಬೆಕ್ಕನ್ನ ಓಡ್ಸೋಕೂ ಆಗಲ್ಲ."

ಇವರು ಟೇಪನ್ನು ನೋಡಿದರು. ಆಮೇಲೆ ಗೋಡೆಗೆ ತಿರುಗಿ ಮಲಗಿದರು. ಗೋಡೆಗೇ ಎಂಬಂತೆ, "ನಂಗೆ ಬೇರೆ ಕೆಲಸ ಬರಲ್ಲ ಕಣೇ" ಎಂದರು. ಆ ಮಾತಿಗೆ ನನಗೆ ನಗು ಬರಲಿಲ್ಲ. ಮದುವೆಯಾಗಿ ಬಂದ ಮೇಲೆ ಇವರು ತೊಡೆ ತಟ್ಟದೆ ಆಡಿದ ಮೊದಲ ಮಾತು ಅದು.

ಅಭ್ಯಾಸ ಅಂದರೆ ಅಭ್ಯಾಸ. ಸರಿ. ಮನೆಯಲ್ಲಿ ಕಾಲಿನಿಂದ ಒತ್ತುವಂಥದ್ದು ಒಂದೇ ಇತ್ತು, ನನ್ನ ಹೊಲಿಗೆ ಮಿಷನ್ನು. ಪಟ್ಟಿ ಬಿಚ್ಚಿ, ಎದುರು ಕುರ್ಚಿಯಿಟ್ಟು, "ತುಳೀರಿ" ಎಂದೆ.

"ಹೆಂಗಸರ ಮಿಷನ್ನು ನಾನು ತುಳೀಬೇಕಾ?"

"ಪೇಟೇಲಿ ಕೋಟು ಹೊಲಿಯೋ ದರ್ಜಿ ಹೆಂಗಸಾ?"

"ಬಾಗಿಲು ಹಾಕು ಹಾಗಾದ್ರೆ."

ಬಾಗಿಲು ಹಾಕಿದೆ. ಎಡಗಾಲೊಂದನ್ನೇ ಇಟ್ಟು ತುಳಿದರು. ಮೊದಲ ದಿನ ಎರಡು ಹಾಡು ಹೇಳುವಷ್ಟು ಹೊತ್ತೂ ಆಗಲಿಲ್ಲ. ನಾನು ವೈದ್ಯ ಕಲಿತವಳಲ್ಲ. ಒಂದೇ ಲೆಕ್ಕ ಇಟ್ಟುಕೊಂಡೆ: ಇವತ್ತು ಮಾಡಿದ್ದು ಹೆಚ್ಚಾಯಿತೋ ಇಲ್ಲವೋ ಎಂದು ಇವತ್ತು ಗೊತ್ತಾಗುವುದಿಲ್ಲ, ನಾಳೆ ಬೆಳಿಗ್ಗೆ ಬಚ್ಚಲಿಗೆ ಹೋಗುವಾಗ ಹೇಳುತ್ತದೆ. ಕುಂಟಿದರೆ ಆ ದಿನ ಕಡಿಮೆ, ಕುಂಟದಿದ್ದರೆ ಒಂದಿಷ್ಟು ಹೆಚ್ಚು. ಹಸಿ ರಫೂ ಹಾಕಿದ ಬಟ್ಟೆಯನ್ನು ಜಗ್ಗಬಾರದು, ಹಾಗೆಂದು ಪೆಟ್ಟಿಗೆಯಲ್ಲಿಟ್ಟು ನುಸಿ ಹಿಡಿಸಲೂಬಾರದು. ಇದಕ್ಕೆ ಬೇಕಾದದ್ದು ತಾಳ್ಮೆ. ಅದು ಮನೆಯಲ್ಲಿ ನನ್ನೊಬ್ಬಳ ಹತ್ತಿರವೇ ಇತ್ತು.

ಇವರ ಹತ್ತಿರ ಎಷ್ಟಿತ್ತೆಂಬುದು ಬೇಗ ತಿಳಿಯಿತು. ಒಂದು ಸಂಜೆ ಬಸ್ಸು ನಮ್ಮ ಬೀದಿಯ ತುದಿಯಲ್ಲಿ ಕಿರ್ ಎಂದಿತು. "ಇವತ್ತು ಅವನಿಗೆ ನಾಲ್ಕು ಮಾತು ಹೇಳ್ತೀನಿ" ಎಂದು ಎದ್ದವರು ಮೆಟ್ಟಿಲುಗಳನ್ನು ಒಂದೇ ನೆಗೆತಕ್ಕೆ ಇಳಿದರು. ಅಲ್ಲೇ ಕೂತರು. ಮತ್ತೆ ತಣ್ಣೀರು ಬಟ್ಟೆ, ಮತ್ತೆ ಮಂಚ, ಮತ್ತೆ ಎರಡು ಹಾಡಿನಿಂದ ಶುರು. ಮರುದಿನ ಊಟಕ್ಕೆ ಬರೀ ಗಂಜಿ, ಮಿಡಿ ಉಪ್ಪಿನಕಾಯಿ ಬಡಿಸಿದೆ. ಯಾಕೆಂದು ಕೇಳುವ ಧೈರ್ಯ ಅವರಿಗಾಗಲಿಲ್ಲ.

ಮಿಷನ್ನು ಸಲೀಸಾದ ಮೇಲೆ ಪಟ್ಟಿ ಹಾಕಿದೆ. ಹೇಗೂ ತುಳಿಯುತ್ತೀರಿ, ಹೊಲಿಗೆಯಾದರೂ ಆಗಲಿ ಎಂದು ಬಟ್ಟೆ ಹಿಡಿದದ್ದು ನಾನು, ತುಳಿದದ್ದು ಅವರು. ತೋಟದ ಮನೆಯ ಅಮ್ಮನ ಕುಪ್ಪಸಗಳು ಆ ತಿಂಗಳು ಬೇಗ ಮುಗಿದವು. "ಎಂತ ಇಷ್ಟು ಲಗೂ?" ಎಂದರು ಅವರು. ಅವರ ಕುಪ್ಪಸಕ್ಕೆ ಗಂಡಸಿನ ಕಾಲು ಸೇರಿದೆ ಎಂದು ತಿಳಿದಿದ್ದರೆ ತೊಡುತ್ತಿದ್ದರೋ ಇಲ್ಲವೋ.

ಆದರೆ ಮಿಷನ್ನು ಎಲ್ಲಿ, ಆ ಬಸ್ಸಿನ ಕ್ಲಚ್ಚೆಲ್ಲಿ. ಆಮೇಲೆ ಜಗಲಿಯ ಗೋಡೆಗೆ ಭತ್ತದ ಚೀಲ ಒರಗಿಸಿ, ಎದುರಿಗೆ ಮಣೆಯ ಮೇಲೆ ಇವರನ್ನು ಕೂರಿಸಿದೆ. ಎಡಗಾಲೆತ್ತಿ ಚೀಲಕ್ಕಿಟ್ಟು ಒತ್ತಬೇಕು, ಹಿಡಿಯಬೇಕು, ಮೆಲ್ಲಗೆ ಬಿಡಬೇಕು. ಬಿಡುವುದೇ ಕಷ್ಟವೆಂದು ಆಗ ಗೊತ್ತಾಯಿತು. ಒತ್ತುವಾಗ ನಡುಗದ ತೊಡೆ ಬಿಡುವಾಗ ಹಾಳೆ ಬೀಸಣಿಗೆಯ ಹಾಗೆ ನಡುಗುತ್ತಿತ್ತು. ಬೇಸರವೆಂದು ಇವರು ಗೊಣಗಿದಾಗ ಅತ್ತೆ ಹೊಸ್ತಿಲಲ್ಲಿ ಕೂತು ಬಸ್ಸು ಹೊರಡಿಸಿದರು.

"ರೈಟ್! ಸಾಗರ ಬಿಡ್ತು. ಒತ್ತು ಮಗ. ಬಿಡು. ಹೊಸನಗರ ಬಂತು, ಇಳಿಯೋರು ಇಳೀರಿ. ಹುಂಚದ ತಿರುವು, ಒತ್ತು! ಯಾರೋ ಹೆಂಗಸು ಕೈ ಅಡ್ಡ ಹಿಡೀತಾಳೆ, ನಿಲ್ಸು."

"ಹೆಂಗಸು ಅಂದ್ರೆ ಎಲ್ಲಿ ಬೇಕಾದ್ರೂ ನಿಲ್ಸೋಕಾಗಲ್ಲ ಅಮ್ಮ."

"ನಾನು ಹತ್ಬೇಕು, ನಿಲ್ಸೋ!"

ಹೀಗೆ ದಿನಾ ಬೆಳಿಗ್ಗೆ ನಮ್ಮ ಜಗಲಿಯಿಂದ ಬಸ್ಸು ತೀರ್ಥಹಳ್ಳಿಯ ಕಡೆ ಹೊರಡುತ್ತಿತ್ತು. ಮೊದಮೊದಲು ಹೊಸನಗರದಲ್ಲೇ ಕೆಟ್ಟು ನಿಲ್ಲುತ್ತಿತ್ತು. ಯುಗಾದಿ ಹತ್ತಿರವಾಗುವಾಗ ಅರಳಸುರಳಿಯವರೆಗೂ ಹೋಗಿ ಬರುವಷ್ಟಾಯಿತು. ಟೇಪಿನಲ್ಲಿ ಇನ್ನೂ ಒಂದು ಬೆರಳು ಕಡಿಮೆ ಇತ್ತು. ಬಸ್ಸಿನ ಅಡ್ಡೆಗೆ ಹೋಗಿ ಒಂದು ಸಲ ಸೀಟು ಹತ್ತಿ ತೋರಿಸಿ ಎಂದರೆ ಇವರು ನಾಳೆ ಎನ್ನುತ್ತಿದ್ದರು. ಹತ್ತು ಜನರೆದುರು ಕಾಲು ಕೈಕೊಟ್ಟರೆ ಎಂಬ ಹೆದರಿಕೆ.

ಅಡ್ಡೆಯೇ ನಮ್ಮಲ್ಲಿಗೆ ಬಂತು. ಯುಗಾದಿಯ ಹಿಂದಿನ ಮಧ್ಯಾಹ್ನ ಕಂಡಕ್ಟರು ಓಡಿಬಂದ. "ಡ್ರೈವರಣ್ಣ, ಏಜೆಂಟ್ರು ಬಸ್ಸಿನ ಮೇಲಿಂದ ಬಾಳೆಗೊನೆ ಇಳಿಸೋಕೆ ಹೋಗಿ ಬಗ್ಗಿದೋರು ಹಂಗೇ ಇದಾರೆ. ನೆಟ್ಟಗಾಗ್ತಾ ಇಲ್ಲ. ನಿಮ್ಮನ್ನೇ ಕರೀತಿದಾರೆ."

"ನಾನೇನು ಮಾಡ್ಲಿ?"

"ನೀವೂ ಕಾಲು ಮುಂದಾ ಹುಟ್ಟಿದೋರಂತಲ್ಲ!"

ಇವರು ನನ್ನ ಮುಖ ನೋಡಿದರು. ನಾನು ಅತ್ತೆಯ ಮುಖ ನೋಡಿದೆ. ಅತ್ತೆ, "ಹೋಗು ಮಗ. ಎಡಗಾಲು" ಎಂದರು.

ನಾವೂ ಹಿಂದೆಯೇ ಹೋದೆವು. ಏಜೆಂಟರು ಟಿಕೆಟ್ಟು ಕೊಡುವ ಕೋಣೆಯ ಬೆಂಚಿನ ಮೇಲೆ ಬೋರಲು ಬಿದ್ದಿದ್ದರು. ಸುತ್ತ ಜನ. ಹೊರಡಬೇಕಿದ್ದ ಬಸ್ಸು ನಿಂತಿತ್ತು, ಭಾವಮೈದ ಬಾಗಿಲಿಗೆ ಒರಗಿ ನೋಡುತ್ತಿದ್ದ.

"ಏಜೆಂಟ್ರೇ, ಉಳುಕು ತಿರುಗಿ ನಂಗೆ ಬಿದ್ರೆ?" ಎಂದರು ಇವರು. ಅಷ್ಟು ಹೊತ್ತಿಗೆ ಅಷ್ಟಾದರೂ ಬುದ್ಧಿ ಬಂದಿತ್ತು.

"ಬೀಳಲ್ಲ ಮಾರಾಯ್ರೇ! ಇದು ನಿಮ್ದೇ ಉಳುಕು, ನಂಗೆ ಬಂದಿದ್ದು. ನೀವೇ ತಗೊಂಡ್ರೆ ಸರಿಹೋಗ್ತದೆ. ಮೆಟ್ಟಿ!"

ಇವರು ಚಪ್ಪಲಿ ಬಿಟ್ಟರು. ಗೋಡೆ ಹಿಡಿದರು. ಎಡಗಾಲೆತ್ತಿ ಏಜೆಂಟರ ಸೊಂಟಕ್ಕಿಟ್ಟು ನಿಧಾನ ಒತ್ತಿದರು. ಹಿಡಿದರು. ನಾನು ಏಜೆಂಟರನ್ನು ನೋಡಲಿಲ್ಲ. ಇವರ ತೊಡೆಯ ಹಿಂಭಾಗವನ್ನೇ ನೋಡುತ್ತಿದ್ದೆ. ನನ್ನ ಪಕ್ಕದಲ್ಲಿ ಅತ್ತೆ ತುಟಿಯೊಳಗೇ "ಹುಂಚದ ತಿರುವು" ಎಂದರು. ಇವರು ಮೆಲ್ಲಗೆ, ಒಂದಿಷ್ಟೂ ನಡುಗದೆ, ಕಾಲನ್ನು ಬಿಟ್ಟರು.

ಏಜೆಂಟರು "ಹಾಂ!" ಎಂದರು. ಎದ್ದು ಕೂತರು. ಮುಖ ಇನ್ನೂ ಬೆಳ್ಳಗಿತ್ತು, ಬೆನ್ನು ಪೂರ್ತಿ ನೆಟ್ಟಗಾಗಿರಲಿಲ್ಲ. ಆದರೆ ಅಷ್ಟು ಜನರೆದುರು ವಾಸಿಯಾಗದೆ ಅವರಿಗೆ ಬೇರೆ ದಾರಿಯಿರಲಿಲ್ಲ. ವಾಸಿಯಾಗದಿದ್ದರೆ ಅವರ ಹುಟ್ಟೇ ಸುಳ್ಳಾಗುತ್ತಿತ್ತು. ಹಾಗಾಗಿ ವಾಸಿಯಾಯಿತು.

"ಬಿಡ್ತು! ಏನು ಕಾಲು ರೀ ಡ್ರೈವರೇ ನಿಮ್ದು! ಕ್ಲಚ್ಚು ಒತ್ತಿದ ಹಾಗಿತ್ತು" ಎಂದರು ಏಜೆಂಟರು.

"ಹಾಗಾದ್ರೆ ಕ್ಲಚ್ಚೇ ಒತ್ತಲಿ. ಬಸ್ಸಿಗೆ ಹೊತ್ತಾಯ್ತು" ಎಂದೆ ನಾನು.

ಏಜೆಂಟರು ಭಾವಮೈದನ ಕಡೆ ನೋಡಿದರು, ಜನರ ಕಡೆ ನೋಡಿದರು. ಈಗಷ್ಟೇ ಹೊಗಳಿದ ಕಾಲನ್ನು ಮನೆಗೆ ಕಳಿಸುವುದು ಹೇಗೆ? ಬೀಗದ ಕೈಯನ್ನು ತಾವೇ ತೆಗೆದುಕೊಟ್ಟರು. ಇವರು ಹತ್ತಿದರು. ಬಸ್ಸು ಕಿರ್ ಎನ್ನದೆ ಹೊರಟಿತು. ಕೂತ ಜನ ಆ ಸದ್ದಿಲ್ಲದ್ದನ್ನೇ ಕೇಳಿ ಒಬ್ಬರಿಗೊಬ್ಬರು ತಲೆಯಾಡಿಸಿದರು.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮುಗಿಯಲಿಲ್ಲ. ಅಂದಿನಿಂದ ಪ್ರತಿ ಭಾನುವಾರ ನಮ್ಮ ಜಗಲಿಯಲ್ಲಿ ಸೊಂಟ ಹಿಡಿದವರು, ಕತ್ತು ಹಿಡಿದವರು, ಬಾಳೆಹಣ್ಣಿನ ಚಿಪ್ಪು ಹಿಡಿದುಕೊಂಡು ಕೂರುತ್ತಾರೆ. ಏಜೆಂಟರೇ ಕಳಿಸುತ್ತಾರೆ, "ನನಗಿಂತ ಒಂದು ಕೈ ಮೇಲು" ಎಂದು. ಇವರು ಸ್ನಾನ ಮಾಡಿ, ಎಡಗಾಲಿಗೆ ಅರಿಶಿನ ಹಚ್ಚಿ ಬರುತ್ತಾರೆ. ತಮ್ಮ ತೊಡೆ ಸರಿಹೋದದ್ದು ಮಿಷನ್ನಿನಿಂದಲೂ ಅಲ್ಲ, ಭತ್ತದ ಚೀಲದಿಂದಲೂ ಅಲ್ಲ, ಹುಟ್ಟಿನಿಂದಲೇ ಅದಕ್ಕೆ ಶಕ್ತಿಯಿತ್ತು ಎಂದು ಈಗ ಅವರೇ ಹೇಳುತ್ತಾರೆ. ಅತ್ತೆಯನ್ನು ಯಾರಾದರೂ ಕೇಳಿದರೆ ಅವರು ಹೆರಿಗೆಯ ಹೊತ್ತಿನ ಸೂಲಗಿತ್ತಿ ಏನೆಂದಳು ಎಂಬುದನ್ನೂ ಸೇರಿಸಿ ಹೇಳುತ್ತಾರೆ. ಪ್ರತಿ ಸಲ ಸೂಲಗಿತ್ತಿ ಬೇರೆ ಬೇರೆ ಮಾತು ಹೇಳಿರುತ್ತಾಳೆ.

ಹೋದ ಭಾನುವಾರ ಒಬ್ಬ ಬಂದಿದ್ದ. ಕಬಡ್ಡಿ ಆಡುವಾಗ ತೊಡೆಯ ಹಿಂದೆ 'ಟಪ್' ಅಂದಿತಂತೆ. ಕಪ್ಪಾಗಿತ್ತು. ಇವರು ಆಗಲೇ ಚಪ್ಪಲಿ ಬಿಟ್ಟಿದ್ದರು.

"ಇವನ ಮೇಲೆ ಕಾಲಿಟ್ರೆ ನಿಮ್ಮ ಮೇಲೆ ನಾನು ಕಾಲಿಡ್ತೀನಿ" ಎಂದೆ.

ಇವರು ಸುಮ್ಮನೆ ಚಪ್ಪಲಿ ಹಾಕಿಕೊಂಡರು. ನಾನು ತಣ್ಣೀರು ಬಟ್ಟೆ ತಂದೆ. ಆ ಹುಡುಗ ನನ್ನನ್ನೂ ಇವರನ್ನೂ ನೋಡಿ, ಮೆಲ್ಲಗೆ ಕೇಳಿದ: "ಅಮ್ಮಾ, ನೀವು ಯಾವುದು ಮುಂದಾಗಿ ಹುಟ್ಟಿದ್ದು?"

"ತಲೆ" ಎಂದೆ. "ಈ ಮನೇಲಿ ನಾನೊಬ್ಬಳೇ."